ಆಸ್ಪತ್ರೆಯ ಬೆಂಕಿ ಸುರಕ್ಷತೆ: ನಮ್ಮ ಫೈರ್ ಸರ್ ಹಾಕಿಕೊಟ್ಟ ಕ್ರಮ

ಅಗ್ನಿಶಾಮಕ ಸೇವೆಯಿಂದ ನಿವೃತ್ತರಾದ ಮೇಲೆ ಆಸ್ಪತ್ರೆಗೆ ಸುರಕ್ಷತಾ ಅಧಿಕಾರಿಯಾಗಿ ಬಂದ ನಮ್ಮ ಹಿರಿಯರನ್ನು ಸಿಸ್ಟರ್‌ಗಳೆಲ್ಲ ‘ಫೈರ್ ಸರ್’ ಎಂದೇ ಕರೆಯುತ್ತಿದ್ದರು. ಈಗ ಅವರಿಲ್ಲ. ಅವರ ಕೈಕೆಳಗೆ ಕೆಲಸ ಕಲಿತು, ಅದೇ ಹೊಣೆಯನ್ನು ಹೊತ್ತಿರುವ ನಾನು ಅವರ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವರನ್ನು ನೆನೆಯಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ತೋಚಲಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಅಷ್ಟೊಂದು ಹಚ್ಚಿಕೊಂಡಿದ್ದಕ್ಕೆ ಅವರ ಒಳ್ಳೆಯ ಮಾತು ಒಂದೇ ಕಾರಣವಲ್ಲ. ತಪ್ಪು ಕಂಡ ಕಡೆ ಅವರು ಮೊದಲು ಮೆಮೊ ಬರೆಯುತ್ತಿರಲಿಲ್ಲ, ಯಾಕೆ ಹೀಗಾಯಿತು ಎಂದು ಕೇಳುತ್ತಿದ್ದರು. ಬಾಗಿಲಿಗೆ ಮರದ ತುಂಡು ಸಿಕ್ಕಿಸಿದ್ದರೆ ಅದರ ಹಿಂದೆ ಯಾರದೋ ಕೆಲಸದ ತೊಂದರೆ ಇದ್ದೇ ಇರುತ್ತದೆ, ಅದನ್ನು ಬಗೆಹರಿಸದೆ ತುಂಡು ತೆಗೆದರೆ ಸಂಜೆಗೆ ಇನ್ನೊಂದು ಬಂದು ಕೂರುತ್ತದೆ ಎಂಬುದು ಅವರ ಲೆಕ್ಕ. ಅವರು ಮಾಡಿದ್ದೆಲ್ಲ ಇದರ ಮೇಲೇ ನಿಂತಿತ್ತು.

ಮನೆಗೋ ಅಂಗಡಿಗೋ ಬೆಂಕಿ ಬಿದ್ದರೆ ಒಳಗಿದ್ದವರನ್ನೆಲ್ಲ ಬಯಲಿಗೆ ಕಳಿಸುವುದು ಮೊದಲ ಕೆಲಸ. ಆಸ್ಪತ್ರೆಯಲ್ಲಿ ಅದು ನಡೆಯುವುದಿಲ್ಲ. ವೆಂಟಿಲೇಟರ್ ಮೇಲಿರುವವರು, ಹೊಟ್ಟೆ ತೆರೆದು ಆಪರೇಷನ್ ಟೇಬಲ್ ಮೇಲಿರುವವರು, ಡಯಾಲಿಸಿಸ್ ಯಂತ್ರಕ್ಕೆ ರಕ್ತ ಹರಿಯುತ್ತಿರುವವರು, ಇಂಕ್ಯುಬೇಟರ್‌ನೊಳಗಿನ ಕೂಸುಗಳು, ಇವರನ್ನು ಮೆಟ್ಟಿಲಿಳಿಸಿ ಹೊರಗೆ ತರುವ ಹೊತ್ತಿಗೆ ಬೆಂಕಿಗಿಂತ ಆ ಸಾಗಾಟವೇ ಜೀವ ತೆಗೆದೀತು. ಆದ್ದರಿಂದ ಇಲ್ಲಿ ಮೊದಲು ರೋಗಿಯನ್ನು ಪಕ್ಕಕ್ಕೆ ಸರಿಸಬೇಕು. ಅದೇ ಅಂತಸ್ತಿನಲ್ಲಿ, ಬೆಂಕಿ ತಡೆಯುವ ಗೋಡೆ ಮತ್ತು ಬಾಗಿಲಿನ ಆಚೆಗಿರುವ ವಿಭಾಗಕ್ಕೆ ಒಯ್ದು ಬಾಗಿಲು ಮುಚ್ಚಿಕೊಳ್ಳಬೇಕು. ಅಲ್ಲಿಗೂ ಹೊಗೆ ಬರುವಂತಿದ್ದರೆ ಅದರಾಚೆಯ ವಿಭಾಗಕ್ಕೆ, ಅದೂ ಆಗದಿದ್ದರೆ ಮಾತ್ರ ಕೆಳಗಿನ ಅಂತಸ್ತಿಗೆ, ಇಡೀ ಕಟ್ಟಡ ಖಾಲಿ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಆ ಗೋಡೆ ಬಾಗಿಲುಗಳು ಎಷ್ಟು ಹೊತ್ತು ತಡೆಯುತ್ತವೆಯೋ ಅಷ್ಟು ಹೊತ್ತು ನಮ್ಮದು. ಬಾಗಿಲು ಅರ್ಧ ಅಡಿ ತೆರೆದಿದ್ದರೆ ಆ ಹೊತ್ತು ನಿಮಿಷಗಳಿಗೆ ಇಳಿಯುತ್ತದೆ.

ಕೊಲ್ಲುವುದು ಹೆಚ್ಚಾಗಿ ಹೊಗೆ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ ಬೆಂಕಿ ಹುಟ್ಟಿದ್ದು ಸಾಮಾನು ತುಂಬಿದ್ದ ನೆಲಮಾಳಿಗೆಯಲ್ಲಿ. ಸತ್ತ 90ರಷ್ಟು ಜನರಲ್ಲಿ ಹೆಚ್ಚಿನವರು ಮೇಲಿನ ಅಂತಸ್ತುಗಳಲ್ಲಿ ಮಲಗಿದ್ದ ರೋಗಿಗಳು, ಮತ್ತು ಅವರು ಸತ್ತಿದ್ದು ಉಸಿರುಗಟ್ಟಿ. ಬೆಂಕಿ ಇದ್ದ ಜಾಗಕ್ಕೂ ಅವರಿಗೂ ಎಷ್ಟೋ ಅಂತಸ್ತಿನ ದೂರವಿತ್ತು. ಹೊಗೆಗೆ ಆ ದೂರ ಲೆಕ್ಕಕ್ಕಿಲ್ಲ. ಹಾಗಾಗಿ ಸರ್ ಸುತ್ತು ಹೊರಟರೆ ಮೊದಲು ನೋಡುತ್ತಿದ್ದುದು ಬಾಗಿಲನ್ನು, ಗೋಡೆಗೆ ತೂಗುಹಾಕಿದ, ಬೆಂಕಿ ಆರಿಸುವ ಸಿಲಿಂಡರ್‌ಗಳ ಸರದಿ ಆಮೇಲೆ.

ಬಾಗಿಲು ನೋಡುವುದಕ್ಕೂ ಒಂದು ಕ್ರಮವಿದೆ. ಪೂರ್ತಿ ತೆರೆದು ಬಿಟ್ಟರೆ ಯಾವ ಬಾಗಿಲಾದರೂ ಜೋರಾಗಿ ಬಂದು ಮುಚ್ಚಿಕೊಂಡೀತು. ಒಂದು ಗೇಣಷ್ಟೇ ತೆರೆದು ಬಿಟ್ಟು ನೋಡಬೇಕು. ಆಗಲೂ ತಾನಾಗಿ ಮುಚ್ಚಿ, ಚಿಲಕದ ನಾಲಿಗೆ ‘ಟಕ್’ ಎಂದು ಒಳಗೆ ಕೂತರೆ ಮಾತ್ರ ಪಾಸು. ನಾಲಿಗೆ ಕೂರದ ಬಾಗಿಲನ್ನು ಬಿಸಿಗಾಳಿಯ ಒತ್ತಡವೇ ತೆರೆದುಬಿಡುತ್ತದೆ. ಬದಿ ಮತ್ತು ಮೇಲ್ಗಡೆಯ ಸಂದು 3–4 ಮಿಲಿಮೀಟರ್ ಮೀರಬಾರದು. ಅದಕ್ಕೆಂದೇ ನಾನು 4 ಮಿಲಿಮೀಟರ್ ದಪ್ಪದ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡಿರುತ್ತೇನೆ, ಅದು ಸಲೀಸಾಗಿ ಓಡಾಡಿದರೆ ಆ ಬಾಗಿಲಿನ ಕೀಲು ಇಳಿದಿದೆ ಎಂದರ್ಥ. ಬಾಗಿಲಂಚಿನ ತೋಡಿನಲ್ಲಿ ಕೂತಿರುವ, ಬಿಸಿಗೆ ಉಬ್ಬಿ ಸಂದು ಮುಚ್ಚುವ ಪಟ್ಟಿಯನ್ನು ಬೆರಳಲ್ಲಿ ಸವರಿ ನೋಡಬೇಕು. ಸ್ಟ್ರೆಚರ್ ತಗುಲಿ ಕಿತ್ತುಹೋಗುವುದು, ಬಣ್ಣದವರು ಕೆರೆದು ತೆಗೆದುಬಿಡುವುದು ಮಾಮೂಲು. ಎರಡು ರೆಕ್ಕೆಯ ಬಾಗಿಲಾದರೆ ಯಾವ ರೆಕ್ಕೆ ಮೊದಲು ಮುಚ್ಚಬೇಕೆಂಬ ಸರದಿ ಇರುತ್ತದೆ. ಅದನ್ನು ಹಿಡಿದಿಡುವ ಮೇಲಿನ ಕಬ್ಬಿಣದ ತುಂಡು ಬಾಗಿದ್ದರೆ ಒಂದರ ಮೇಲೊಂದು ಏರಿ ಕೂತು, ನಡುವೆ ಕೈ ತೂರುವಷ್ಟು ಜಾಗ ಬಿಡುತ್ತದೆ.

ಡೋರ್ ಕ್ಲೋಸರ್‌ನಲ್ಲಿ ಸಾಮಾನ್ಯವಾಗಿ ಎರಡು ತಿರುಪು: ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯ ಒಂದು ಗೇಣಿನಲ್ಲಿ ಚಿಲಕ ಕೂರುವ ವೇಗಕ್ಕೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ಪ್ರತಿ ಸಲ ಮುಚ್ಚಿ ನೋಡಿ ಮುಂದುವರಿಯಬೇಕು. ತಿರುಪನ್ನು ಪೂರ್ತಿ ಬಿಚ್ಚಿದರೆ ಎಣ್ಣೆ ಹೊರಬಂದು ಕ್ಲೋಸರ್ ಅಲ್ಲಿಗೇ ಮುಗಿಯಿತು. ಎಣ್ಣೆ ಜಿನುಗಿದ ಕಲೆ ಕಂಡರೆ ಹೊಂದಿಸುತ್ತ ಕೂರದೆ ಬದಲಿಸುವುದೇ ಸರಿ. ಇನ್ನೊಂದು ಸೂಕ್ಷ್ಮವಿದೆ. ಆಪರೇಷನ್ ಥಿಯೇಟರ್ ಕಡೆ ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಹೆಚ್ಚಿರುತ್ತದೆ. ಹೊರಕ್ಕೆ ತೆರೆಯುವ ಬಾಗಿಲು ಆ ಒತ್ತಡಕ್ಕೆ ಎದುರಾಗಿ ಮುಚ್ಚಿಕೊಳ್ಳಬೇಕು, ಎಷ್ಟೋ ಸಲ ಒಂದು ಬೆರಳಷ್ಟು ತೆರೆದೇ ನಿಂತಿರುತ್ತದೆ. ಕಾರ್ಪೆಂಟರ್ ಬಂದು ನೋಡುವಾಗ ಏಸಿ ನಿಂತಿದ್ದರೆ ಬಾಗಿಲು ಸರಿಯಾಗಿಯೇ ಮುಚ್ಚುತ್ತದೆ, ಅವನು ಸಹಿ ಹಾಕಿ ಹೋಗುತ್ತಾನೆ. ಅದಕ್ಕೇ ಇಂಥ ಬಾಗಿಲನ್ನು ಗಾಳಿಯ ಯಂತ್ರ ಓಡುತ್ತಿರುವಾಗ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಬೇಕು.

ಇನ್ನು ಮರದ ತುಂಡಿನ ವಿಷಯ. ಯಾಕೆ ಸಿಕ್ಕಿಸಿದಿರಿ ಎಂದು ಸಮಾಧಾನದಿಂದ ಕೇಳಿದರೆ ಉತ್ತರ ಸಿಕ್ಕೇ ಸಿಗುತ್ತದೆ. ಎರಡೂ ಕೈಯಲ್ಲಿ ಟ್ರೇ ಇರುತ್ತದೆ. ಬಾಗಿಲು ಬಡಿದರೆ ಪಕ್ಕದ ಹಾಸಿಗೆಯ ಅಜ್ಜಿಗೆ ಎಚ್ಚರವಾಗುತ್ತದೆ. ಮುಚ್ಚಿದರೆ ಒಳಗಿನ ರೋಗಿ ಕಾಣುವುದಿಲ್ಲ. ಮೂರಕ್ಕೂ ಬೇರೆ ಬೇರೆ ಮದ್ದು. ಓಡಾಟ ಹೆಚ್ಚಿರುವ ಕಡೆ, ಅಲಾರಾಂ ಆದಾಗ ತಾನಾಗಿ ಬಿಟ್ಟುಕೊಡುವ ವಿದ್ಯುತ್ ಆಯಸ್ಕಾಂತ ಹಾಕಿಸಬೇಕು. ಅದು ಕರೆಂಟ್ ಹೋದರೂ ಬಿಡುವಂಥದ್ದೇ ಆಗಿರಬೇಕು. ಬಡಿಯುವ ಬಾಗಿಲಿಗೆ ಎರಡನೇ ತಿರುಪನ್ನು ಹೊಂದಿಸಬೇಕು. ಕಾಣದ ಕಡೆ, ಬೆಂಕಿ ತಡೆಯುವ ಗಾಜಿನ ಕಿಟಕಿ ಇರುವ ಬಾಗಿಲೇ ಬೇಕು. ಇರುವ ಬಾಗಿಲನ್ನು ಕೊರೆದು ಮಾಮೂಲಿ ಗಾಜು ಕೂರಿಸಿದರೆ ಅದು ಬೆಂಕಿ ಬಾಗಿಲಾಗಿ ಉಳಿಯುವುದಿಲ್ಲ. ಆಯಸ್ಕಾಂತ ಇರುವ ಬಾಗಿಲುಗಳನ್ನೂ ರಾತ್ರಿ ಪಾಳಿಯವರು ಕೈಯಿಂದಲೇ ಮುಚ್ಚುವ ಪದ್ಧತಿ ಸರ್ ತಂದದ್ದು. ರಾತ್ರಿ ಜನ ಕಮ್ಮಿ, ಓಡಾಟವೂ ಕಮ್ಮಿ.

ಬಾಗಿಲು ಎಷ್ಟು ಚೆನ್ನಾಗಿದ್ದರೂ ಅದರ ಮೇಲಿನ ಫಾಲ್ಸ್ ಸೀಲಿಂಗ್ ಒಳಗೆ ಗೋಡೆಗೆ ತೂತು ಬಿದ್ದಿದ್ದರೆ ಹೊಗೆ ಅಲ್ಲಿಂದ ದಾಟುತ್ತದೆ. ನೆಟ್‌ವರ್ಕ್ ಕೇಬಲ್ ಎಳೆಯುವವರು, ಸಿಸಿಟಿವಿಯವರು, ಏಸಿ ಪೈಪಿನವರು, ಒಬ್ಬೊಬ್ಬರೂ ಒಂದೊಂದು ತೂತು ಕೊರೆದು ಹಾಗೇ ಬಿಟ್ಟು ಹೋಗುತ್ತಾರೆ. ಅಂಥ ಕೆಲಸ ಮುಗಿದ ಮೇಲೆ ಬಾಗಿಲಿನ ಎರಡೂ ಕಡೆ ಒಂದೊಂದು ಟೈಲ್ ಎತ್ತಿ, ಒಬ್ಬರು ಈಚೆಯಿಂದ ಟಾರ್ಚ್ ಬಿಡಬೇಕು, ಇನ್ನೊಬ್ಬರು ಆಚೆಯಿಂದ ನೋಡಬೇಕು. ಬೆಳಕು ಕಂಡ ಕಡೆಯೆಲ್ಲ ಹೊಗೆ ಹಾಯುತ್ತದೆ. ತುಂಬಿಸಲು ಬೆಂಕಿ ತಡೆಯುವ ಸೀಲಂಟ್ ಅಥವಾ ಗಾರೆಯೇ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಳದಿ ಫೋಮ್ ನೋಡಲು ಚೆನ್ನಾಗಿ ತುಂಬಿಕೊಳ್ಳುತ್ತದೆ, ಆದರೆ ಅದೇ ಉರಿಯುವ ವಸ್ತು. ಕೆಲಸದವರ ಬಿಲ್ಲಿಗೆ ಸಹಿ ಬೀಳುವ ಮುಂಚೆ ಈ ಟಾರ್ಚ್ ಪರೀಕ್ಷೆ ಆಗಬೇಕೆಂಬ ನಿಯಮವನ್ನು ಆಡಳಿತದವರಿಂದ ಮಾಡಿಸಿಕೊಳ್ಳಿ. ಅದಾದ ಮೇಲೆ ತೂತು ಮುಚ್ಚಿ ಎಂದು ಯಾರ ಹಿಂದೆಯೂ ಓಡಬೇಕಾಗಿಲ್ಲ.

ಗಾಳಿಯ ಕೊಳವೆಯೂ ಹೊಗೆಗೆ ದಾರಿಯೇ. ಗೋಡೆ ದಾಟುವ ಕಡೆ ಡ್ಯಾಂಪರ್, ಅಂದರೆ ಬೆಂಕಿ ಬಿದ್ದಾಗ ಕೊಳವೆಯನ್ನು ಮುಚ್ಚುವ ತಟ್ಟೆ, ಇರುತ್ತದೆ. ಹಳೆಯದರಲ್ಲಿ ಸುಮಾರು 72 ಡಿಗ್ರಿಗೆ ಕರಗುವ ಕೊಂಡಿ, ಹೊಸದರಲ್ಲಿ ಮೋಟಾರು. ಕೊಂಡಿ ಕರಗುವ ಮೊದಲೇ ತಣ್ಣನೆಯ ಹೊಗೆ ಎಷ್ಟೋ ದಾಟಿರುತ್ತದೆ, ಹಾಗಾಗಿ ಅಲಾರಾಂ ಬಿದ್ದ ಕೂಡಲೇ ಗಾಳಿಯ ಯಂತ್ರ ನಿಲ್ಲುವುದು ಮುಖ್ಯ. ಈ ಜೋಡಣೆಯನ್ನು ಯಾರೋ ತಪ್ಪಿಸಿರುವುದು ಪರೀಕ್ಷೆಯಲ್ಲಿ ಆಗಾಗ ಕಾಣುತ್ತದೆ. ಯಾಕೆ ಎಂದು ಕೇಳಿದರೆ, ಧೂಳು ಕೂತ, ಹೊಗೆ ಪತ್ತೆ ಹಚ್ಚುವ ಒಂದು ಡಿಟೆಕ್ಟರ್ ಸುಳ್ಳು ಅಲಾರಾಂ ಕೊಟ್ಟು ಆಪರೇಷನ್ ನಡುವೆ ಏಸಿ ನಿಲ್ಲಿಸುತ್ತಿತ್ತು ಎನ್ನುತ್ತಾರೆ. ಡಿಟೆಕ್ಟರ್ ಸ್ವಚ್ಛ ಮಾಡಿಸಿ, ಬಣ್ಣ ಹೊಡೆಯುವಾಗ ಹಾಕಿದ ಮುಚ್ಚಳ ತೆಗೆಸಿ, ಆಮೇಲೆ ಜೋಡಣೆ ಹಾಕಿಸಿದರೆ ಅದು ಉಳಿಯುತ್ತದೆ. ಬೈದು ಹಾಕಿಸಿದರೆ ಮುಂದಿನ ವಾರ ಮತ್ತೆ ಮಾಯ.

ಆಸ್ಪತ್ರೆಯನ್ನು ಬೇರೆ ಕಟ್ಟಡಗಳಿಂದ ಬೇರೆ ಮಾಡುವುದು ಆಮ್ಲಜನಕ. ಗಾಳಿಯಲ್ಲಿ ಅದು ಶೇ 21ರಷ್ಟಿದೆ. ಶೇ 23 ದಾಟಿತೆಂದರೆ ಅಪಾಯದ ವಲಯ ಎಂದೇ ಲೆಕ್ಕ. ಆಮ್ಲಜನಕ ತಾನು ಉರಿಯುವುದಿಲ್ಲ, ಆದರೆ ಅದನ್ನು ಹೀರಿಕೊಂಡ ಹೊದಿಕೆ, ದಿಂಬು, ಕೂದಲು, ಪ್ಲಾಸ್ಟಿಕ್ ಕೊಳವೆ ಎಲ್ಲ ಕಿಡಿ ತಾಗಿದ ಕ್ಷಣಕ್ಕೆ ಭಗ್ಗನೆ ಹತ್ತಿಕೊಳ್ಳುತ್ತವೆ. ಮೂಗಿಗೆ ರಭಸವಾಗಿ ಆಮ್ಲಜನಕ ಹಾಯಿಸುವ ಯಂತ್ರ ನಿಮಿಷಕ್ಕೆ 60 ಲೀಟರ್‌ವರೆಗೆ ಬಿಡುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಂಥವು ನಾಲ್ಕೈದು ಓಡುತ್ತಿದ್ದರೆ ಗಾಳಿಯ ಬದಲಾವಣೆ ಸಾಕಷ್ಟಿದೆಯೇ ಎಂದು ಅಳೆದೇ ನೋಡಬೇಕು. ಗೋಡೆಗೆ ಹಾಕುವ ಆಮ್ಲಜನಕ ಮೀಟರ್ ಇಂಥ ಕಡೆ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ವಾರ್ಡಿನಲ್ಲಿ ಕಟ್ಟುನಿಟ್ಟು ಮಾಡಿಸಬೇಕಾದ ಅಭ್ಯಾಸ ಒಂದೇ: ಮಾಸ್ಕ್ ಮುಖದಿಂದ ತೆಗೆದರೆ ಆಮ್ಲಜನಕದ ಹರಿವನ್ನು ಹೊಂದಿಸುವ ಗೋಡೆಯ ಫ್ಲೋಮೀಟರ್ ಕೂಡ ಮುಚ್ಚಬೇಕು. ಊಟ ಮಾಡಿಸಲು ತೆಗೆದ ಮಾಸ್ಕನ್ನು ಹಾಗೇ ಹಾಸಿಗೆಯ ಮೇಲಿಟ್ಟರೆ ಹೊದಿಕೆಯ ಮಡಿಕೆಗಳಲ್ಲಿ ಆಮ್ಲಜನಕ ತುಂಬಿಕೊಳ್ಳುತ್ತದೆ. ಹಾಗೆ ತೋಯ್ದ ಬಟ್ಟೆಯನ್ನು ಕಿಡಿಯ ಹತ್ತಿರ ಒಯ್ಯುವ ಮುಂಚೆ ಕನಿಷ್ಠ 15 ನಿಮಿಷ ಬಯಲು ಗಾಳಿಯಲ್ಲಿ ಬಿಡಬೇಕು. ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಒಮ್ಮೆಲೇ ತೆರೆದರೆ ರೆಗ್ಯುಲೇಟರ್‌ನೊಳಗೆ ಅನಿಲ ಹಠಾತ್ತನೆ ಒತ್ತಿಕೊಂಡು ಬಿಸಿಯೇರುತ್ತದೆ, ಅಲ್ಲಿ ಎಣ್ಣೆ ಗ್ರೀಸಿನ ಕುರುಹಿದ್ದರೆ ಕಿಡಿಯೇ ಬೇಡ, ಅಷ್ಟರಿಂದಲೇ ಹೊತ್ತಿಕೊಳ್ಳುತ್ತದೆ. ಆಲ್ಕೋಹಾಲಿನ ಹ್ಯಾಂಡ್‌ರಬ್ ಹಚ್ಚಿದ ಕೈ ಪೂರ್ತಿ ಒಣಗುವ ತನಕ ವಾಲ್ವ್ ಮುಟ್ಟಬಾರದು. ಎಷ್ಟೇ ಬಿಗಿಯಾಗಿದ್ದರೂ ಎಣ್ಣೆ ಹಾಕಬಾರದು. 2021ರ ಏಪ್ರಿಲ್‌ನಲ್ಲಿ ಬಾಗ್ದಾದಿನ ಇಬ್ನ್ ಅಲ್-ಖತೀಬ್ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಆಮ್ಲಜನಕದ ಸಿಲಿಂಡರ್ ಸಿಡಿದು ಹಬ್ಬಿದ ಬೆಂಕಿಗೆ 80ಕ್ಕೂ ಹೆಚ್ಚು ಜನ ಬಲಿಯಾದರು. ವಾರ್ಡಿನಲ್ಲಿ ಬೇಕಾದಷ್ಟೇ ಸಿಲಿಂಡರ್, ನೆಟ್ಟಗೆ, ಸರಪಳಿ ಕಟ್ಟಿ. ಖಾಲಿಯಾದವು ತುಂಬಿದವುಗಳಿಂದ ಬೇರೆ.

ಪ್ರತಿ ವಿಭಾಗಕ್ಕೂ ಪೈಪಿನ ಆಮ್ಲಜನಕ ನಿಲ್ಲಿಸುವ ವಾಲ್ವ್ ಪೆಟ್ಟಿಗೆ ಇರುತ್ತದೆ. ಅದು ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ತೋರಿಸುತ್ತಾರೆ. ಯಾವ ಯಾವ ಹಾಸಿಗೆಗೆ ಅದು ಸೇರಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ವಾರ್ಡ್ ಒಡೆದು ಕಟ್ಟಿದ ಕಡೆ ಚೀಟಿಯಲ್ಲಿ ಬರೆದ ಹಾಸಿಗೆ ಸಂಖ್ಯೆಗೂ ನಿಜಕ್ಕೂ ತಾಳೆಯಾಗದಿರುವುದು ಬಹಳ. ವಾರ್ಡ್ ಖಾಲಿಯಿರುವ ಹೊತ್ತು ನೋಡಿ, ಬಯೋಮೆಡಿಕಲ್‌ನವರನ್ನೂ ಇನ್‌ಚಾರ್ಜ್ ಸಿಸ್ಟರನ್ನೂ ಕರೆದು, ಮುಚ್ಚಿ ಒಂದೊಂದು ಔಟ್‌ಲೆಟ್ ಪರೀಕ್ಷಿಸಿ ಚೀಟಿಯನ್ನು ಹೊಸದಾಗಿ ಬರೆಯಬೇಕು. ಪೆಟ್ಟಿಗೆಯ ಮುಂದೆ ಕಪಾಟು, ಟ್ರಾಲಿ ನಿಲ್ಲಿಸದಂತೆ ನೆಲಕ್ಕೆ ಹಳದಿ ಪಟ್ಟೆ ಬಳಿಸಬೇಕು.

ಮುಚ್ಚುವ ತೀರ್ಮಾನ ಯಾರದು ಎಂಬುದು ಕಾಗದದಲ್ಲಿರಲೇಬೇಕು. ನಮ್ಮಲ್ಲಿ ಅದು ಆ ಪಾಳಿಯ ಇನ್‌ಚಾರ್ಜ್ ಸಿಸ್ಟರದು. ಸೆಕ್ಯುರಿಟಿಯವರಿಗಾಗಲಿ ನನಗಾಗಲಿ ಆ ಅಧಿಕಾರ ಇಲ್ಲ. ಆ ಪೈಪಿನ ಮೇಲೆ ಬದುಕಿರುವವರು ಯಾರು ಎಂದು ಗೊತ್ತಿರುವುದು ಅವರೊಬ್ಬರಿಗೇ. ಪ್ರತಿಯೊಬ್ಬರಿಗೂ ಸಿಲಿಂಡರ್ ಅಥವಾ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹತ್ತಿದೆ ಎಂದು ಬಾಯಿಬಿಟ್ಟು ಕೂಗಿ ಖಚಿತ ಮಾಡಿಕೊಂಡು ವಾಲ್ವ್ ತಿರುಗಿಸಬೇಕು. ಹಾಗೆಂದು ತಡ ಮಾಡುವಂತೆಯೂ ಇಲ್ಲ, ಉರಿಯುವ ವಾರ್ಡಿಗೆ ತೆರೆದ ಆಮ್ಲಜನಕದ ಪೈಪೆಂದರೆ ಕುಲುಮೆಗೆ ತಿದಿ ಒತ್ತಿದ ಹಾಗೆ. ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕವನ್ನು ಸರ್ ಪ್ರತಿ ಸಿಸ್ಟರಿಗೂ ಬಾಯಿಪಾಠ ಮಾಡಿಸುತ್ತಿದ್ದರು: ಸಿಲಿಂಡರ್ ಹಿಡಿಸುವ ನೀರಿನ ಲೀಟರನ್ನು ಗೇಜ್ ತೋರಿಸುವ ಒತ್ತಡದ ಬಾರ್‌ನಿಂದ ಗುಣಿಸಿದರೆ ಅನಿಲದ ಲೀಟರ್. 10 ಲೀಟರ್ ಸಿಲಿಂಡರ್, ಗೇಜ್ 100 ಬಾರ್ ಎಂದರೆ ಸುಮಾರು 1,000 ಲೀಟರ್. ಐದರಲ್ಲಿ ಒಂದು ಪಾಲು ಮೀಸಲು ಬಿಟ್ಟರೆ, ನಿಮಿಷಕ್ಕೆ 10 ಲೀಟರ್‌ನಂತೆ 80 ನಿಮಿಷ. 60 ಲೀಟರ್ ಶುದ್ಧ ಆಮ್ಲಜನಕ ಬೇಕಾದವರಿಗೆ ಅದೇ ಸಿಲಿಂಡರ್ 13 ನಿಮಿಷ ಮಾತ್ರ. ಯಾರನ್ನು ಯಾವ ಸಿಲಿಂಡರ್ ಜೊತೆ ಕಳಿಸಬೇಕು ಎಂಬುದು ಈ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ.

ಹೊರಗಿನ ದ್ರವ ಆಮ್ಲಜನಕದ ಟ್ಯಾಂಕ್ ಬಳಿ ನೋಡಬೇಕಾದದ್ದು ನೆಲ. ಟ್ಯಾಂಕರ್ ನಿಂತು ತುಂಬಿಸುವ ಜಾಗ ಕಾಂಕ್ರೀಟ್ ಆಗಿರಬೇಕು, ಡಾಂಬರು ಕೂಡದು. ಡಾಂಬರಿನ ಮೇಲೆ ದ್ರವ ಆಮ್ಲಜನಕ ಚೆಲ್ಲಿದರೆ ಅದು ತುಳಿದರೂ ಸಿಡಿಯಬಲ್ಲ ವಸ್ತುವಾಗುತ್ತದೆ. ರಸ್ತೆ ರಿಪೇರಿಯವರು ಒಳ್ಳೆಯ ಮನಸ್ಸಿನಿಂದಲೇ ಆ ಕಡೆಗೂ ಒಂದು ಪದರ ಎಳೆದುಬಿಡುತ್ತಾರೆ, ಕಣ್ಣಿಡಬೇಕು. ಒಂದು ಲೀಟರ್ ದ್ರವದಿಂದ ಸುಮಾರು 860 ಲೀಟರ್ ಅನಿಲ ಬರುತ್ತದೆ, ಅದು ಗಾಳಿಗಿಂತ ತೂಕ, ಚರಂಡಿ ಮತ್ತು ನೆಲಮಾಳಿಗೆಯ ಕಡೆ ಇಳಿಯುತ್ತದೆ.

ಬೆಂಕಿ ಹುಟ್ಟುವುದು ಬಹುಪಾಲು ವಿದ್ಯುತ್ತಿನಿಂದ. ಐಸಿಯುನಲ್ಲಿ, ನವಜಾತ ಶಿಶುಗಳ ಘಟಕದಲ್ಲಿ ಏಸಿ, ವಾರ್ಮರ್, ಪಂಪ್‌ಗಳಿಗೆ ರಾತ್ರಿ ಹಗಲು ಬಿಡುವಿಲ್ಲ. 2021ರ ಜನವರಿ 9ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶು ಘಟಕದಲ್ಲಿ ಬೆಂಕಿ ಬಿದ್ದು 10 ಹಸುಗೂಸುಗಳು ತೀರಿಕೊಂಡವು. ಇದನ್ನು ಬರೆಯುವಾಗ ಇಂದಿಗೂ ಹೊಟ್ಟೆ ಕಿವುಚುತ್ತದೆ. ಇಂಥ ಘಟಕಗಳಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಕಂಡರೆ ಕಿತ್ತುಹಾಕುವ ಮುಂಚೆ ಒಂದು ಹಾಸಿಗೆಗೆ ಎಷ್ಟು ಪ್ಲಗ್ ಬೇಕೆಂದು ಎಣಿಸಿ: ವಾರ್ಮರ್, ಮಾನಿಟರ್, ವೆಂಟಿಲೇಟರ್, ಹ್ಯುಮಿಡಿಫೈಯರ್, ಸಕ್ಷನ್, ಫೋಟೋಥೆರಪಿ ದೀಪ, ಮೂರು ನಾಲ್ಕು ಸಿರಿಂಜ್ ಪಂಪ್. ಗೋಡೆಯಲ್ಲಿ ಆರೇ ಸಾಕೆಟ್ ಇದ್ದರೆ ಬೋರ್ಡ್ ಬಂದೇ ಬರುತ್ತದೆ. ಸಾಕೆಟ್ ಹೆಚ್ಚಿಸುವಾಗ ಅದಕ್ಕೆ ತಕ್ಕ ವೈರು ಮತ್ತು ಬೇರೆ ಸರ್ಕ್ಯೂಟ್ ಎಳೆಸಬೇಕು, ಇರುವ ವೈರಿಗೇ ಪೆಟ್ಟಿಗೆ ಸೇರಿಸುವುದು ಬೋರ್ಡಿಗಿಂತ ಕೆಟ್ಟದ್ದು. ಸುತ್ತು ಹೋಗುವಾಗ ಪ್ಲಗ್ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡುವುದು, ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿದೆಯೇ ನೋಡುವುದು, ಸುಟ್ಟ ಮೀನಿನಂಥ ವಾಸನೆ ಬಂದರೆ ಅಲ್ಲೇ ನಿಲ್ಲುವುದು: ಪ್ಲಗ್ಗಿನ ಕೆಲವು ಬಗೆಯ ಪ್ಲಾಸ್ಟಿಕ್ ಬಿಸಿಯಾದಾಗ ಅಂಥ ವಾಸನೆ ಬರುತ್ತದೆ. ಪ್ಯಾನೆಲ್‌ಗಳ ಥರ್ಮಲ್ ಕ್ಯಾಮೆರಾ ಪರೀಕ್ಷೆಯನ್ನು ಲೋಡ್ ತುಂಬಿದ ಹೊತ್ತಿನಲ್ಲೇ ಮಾಡಿಸಬೇಕು. ಬೆಳಗಿನ ತಂಪಿನಲ್ಲಿ ಮುಗಿಸಿದ ಪರೀಕ್ಷೆಯಲ್ಲಿ ಸಡಿಲ ತಿರುಪು ಎದ್ದು ಕಾಣುವುದಿಲ್ಲ. ಯುಪಿಎಸ್ ಬ್ಯಾಟರಿ ಕೋಣೆಯ ಎಕ್ಸಾಸ್ಟ್ ಫ್ಯಾನ್ ನಿಂತಿದ್ದರೆ ಅಂದೇ ಸರಿಪಡಿಸಬೇಕು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಶೇ 4ರಷ್ಟಾದರೆ ಸಾಕು, ಕಿಡಿಗೆ ಸಿಡಿಯುತ್ತದೆ.

ಆಪರೇಷನ್ ಥಿಯೇಟರ್ ವೈದ್ಯರ ಸಾಮ್ರಾಜ್ಯ, ಅಲ್ಲಿಗೆ ಸುರಕ್ಷತೆಯವರು ತಲೆ ಹಾಕಬಾರದೆಂಬ ಭಾವನೆ ಇದೆ. ಸರ್ ಅಲ್ಲಿಗೂ ಹೋಗುತ್ತಿದ್ದರು. ಆಲ್ಕೋಹಾಲ್ ಇರುವ ಔಷಧ ಬಳಿದು ಚರ್ಮ ಒರೆಸಿದ ಮೇಲೆ ಬಟ್ಟೆ ಹೊದಿಸುವ ಮುಂಚೆ ಕನಿಷ್ಠ 3 ನಿಮಿಷ ಒಣಗಬೇಕು. ಕೂದಲಿರುವ ಜಾಗದಲ್ಲಿ ಒಂದು ಗಂಟೆಯವರೆಗೂ ಬೇಕಾದೀತು. ಬೆನ್ನ ಕೆಳಗೆ, ಹೊಕ್ಕುಳಲ್ಲಿ ನಿಂತ ಹನಿ ಒರೆಸಿ ತೆಗೆಯಬೇಕು. ಆಲ್ಕೋಹಾಲಿನ ಜ್ವಾಲೆ ತಿಳಿನೀಲಿ, ದೊಡ್ಡ ದೀಪದ ಬೆಳಕಿನಲ್ಲಿ ಕಾಣುವುದೇ ಇಲ್ಲ. ಮುಖ ಮತ್ತು ಕತ್ತಿನ ಆಪರೇಷನ್‌ನಲ್ಲಿ ತೆರೆದ ಮಾಸ್ಕಿನಿಂದ ಕೊಡುವ ಆಮ್ಲಜನಕ, ರೋಗಿಗೆ ತಡೆಯುವಂತಿದ್ದರೆ, ಶೇ 30 ಮೀರದಂತೆ ನೋಡಿಕೊಳ್ಳುವುದು, ಟ್ರಾಲಿಯ ಮೇಲೆ ಸಲೈನ್ ತುಂಬಿದ ಬಟ್ಟಲು ಸಿದ್ಧವಿಡುವುದು, ಉಸಿರುನಾಳದ ಟ್ಯೂಬಿಗೇ ಬೆಂಕಿ ಹತ್ತಿದರೆ ಆ ಕ್ಷಣವೇ ಟ್ಯೂಬ್ ಎಳೆದು, ಅನಿಲ ನಿಲ್ಲಿಸಿ, ಸಲೈನ್ ಸುರಿಯುವುದು, ಇವೆಲ್ಲ ಅರಿವಳಿಕೆ ತಂಡದೊಂದಿಗೆ ಕೂತು ಮೊದಲೇ ಮಾತಾಡಿ ಗೋಡೆಗೆ ಬರೆದು ಅಂಟಿಸಬೇಕಾದ ವಿಷಯ. ಎಂಆರ್‌ಐ ಕೋಣೆಗೆ ಕಬ್ಬಿಣದ ಎಕ್ಸ್‌ಟಿಂಗ್ವಿಷರ್ (ಬೆಂಕಿ ಆರಿಸುವ ಸಿಲಿಂಡರ್) ಒಯ್ಯಬಾರದು. ಆಯಸ್ಕಾಂತ ವಿದ್ಯುತ್ ಇಲ್ಲದಾಗಲೂ ಎಳೆಯುತ್ತದೆ, ಸಿಲಿಂಡರ್ ಕೈಯಿಂದ ಹಾರಿ ಯಂತ್ರಕ್ಕೆ ಬಡಿಯುತ್ತದೆ. ಬಾಗಿಲ ಹೊರಗೆ ಆಯಸ್ಕಾಂತಕ್ಕೆ ಅಂಟದ ಲೋಹದ್ದೇ ಇರಲಿ.

ಎಕ್ಸ್‌ಟಿಂಗ್ವಿಷರ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಗೇಜ್ ಇರುವುದಿಲ್ಲ, ತೂಗಿಯೇ ನೋಡಬೇಕು. ತುಂಬಿದ ಅನಿಲದಲ್ಲಿ ಹತ್ತನೇ ಒಂದು ಪಾಲು ಇಳಿದಿದ್ದರೆ ಮರುಭರ್ತಿಗೆ ಕಳಿಸಬೇಕು. ಚಿಕ್ಕ ಕೋಣೆಯಲ್ಲಿ ಬಿಟ್ಟರೆ ಉಸಿರುಗಟ್ಟುತ್ತದೆ, ಅನಿಲ ಹೊರಬರುವ ಕೊಂಬಿನ ತುದಿ ಹಿಡಿದರೆ ಕೈ ಹೆಪ್ಪುಗಟ್ಟುತ್ತದೆ. ಪುಡಿಯದ್ದು ಚೆನ್ನಾಗಿ ಆರಿಸುತ್ತದೆ, ಆದರೆ ಐಸಿಯುನಲ್ಲಿ ಬಿಟ್ಟರೆ ಏನೂ ಕಾಣದಂತಾಗಿ ರೋಗಿಗಳು ಕೆಮ್ಮಿ ಒದ್ದಾಡುತ್ತಾರೆ, ಯಂತ್ರಗಳೂ ಹಾಳು. ವಾರ್ಡ್ ಒಳಗೆ ಸಣ್ಣ ಹನಿಯ ನೀರಿನದ್ದು ಮತ್ತು ಇಂಗಾಲದ ಡೈಆಕ್ಸೈಡಿನದ್ದು, ಪುಡಿಯದ್ದು ಹೊರಗಿನ ಸ್ಟೋರ್, ಜನರೇಟರ್ ಕಡೆ. ಯಾವುದಾದರೂ ಅರ್ಧ ನಿಮಿಷಕ್ಕಿಂತ ಹೆಚ್ಚು ಬರುವುದಿಲ್ಲ ಎಂದೇ ತಿಳಿದು ಹಿಡಿಯಬೇಕು. ಸ್ಟೋರಿನಲ್ಲಿ ಸಾಮಾನು, ಬಿಸಿಗೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್‌ನಿಂದ 45 ಸೆಂಟಿಮೀಟರ್ ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ 68 ಡಿಗ್ರಿಯ ಕೆಂಪು ಗಾಜು ಒಡೆದರೂ ನೀರು ಹರಡುವುದಿಲ್ಲ.

ಪಂಪ್ ಕೋಣೆಗೆ ಮಾತ್ರ ಸಮಯ ಕೊಡಿ. ಲೈನಿನ ಒತ್ತಡ ಸ್ವಲ್ಪ ಇಳಿದಾಗ ಅದನ್ನು ತುಂಬಿಕೊಡುವ ಚಿಕ್ಕ ಜಾಕಿ ಪಂಪ್, ಇನ್ನಷ್ಟು ಇಳಿದರೆ ವಿದ್ಯುತ್ತಿನ ಮುಖ್ಯ ಪಂಪ್, ಅದೂ ಆಗದಿದ್ದರೆ ಡೀಸೆಲ್ ಪಂಪ್. ಲೈನ್ 7 ಬಾರ್‌ನಲ್ಲಿ ನಿಂತಿದ್ದರೆ 6, 5, 4ಕ್ಕೆ ಒಂದೊಂದು ಎದ್ದೇಳುವಂತೆ ಹೊಂದಿಸಿರುತ್ತಾರೆ ಎಂದಿಟ್ಟುಕೊಳ್ಳಿ. ಪರೀಕ್ಷಿಸಲು ಪ್ಯಾನೆಲ್‌ನ ಬಟನ್ ಒತ್ತಿದರೆ ಸಾಲದು, ದೂರದ ವಾಲ್ವ್ ತೆರೆದು ನೀರು ಬಿಟ್ಟು, ಗೇಜ್ ಎದುರು ಒಬ್ಬರು ನಿಂತು ಯಾವುದು ಎಷ್ಟಕ್ಕೆ ಶುರುವಾಯಿತೆಂದು ಬರೆದುಕೊಳ್ಳಬೇಕು. ಅತಿ ಹೆಚ್ಚು ಕಾಣುವ ದೋಷವೆಂದರೆ ಸ್ವಿಚ್ ‘ಆಟೋ’ ಬಿಟ್ಟು ‘ಆಫ್’ನಲ್ಲಿರುವುದು. ಯಾಕೆ? ನೆಲದೊಳಗೆಲ್ಲೋ ಪೈಪ್ ಸೋರಿ, ಜಾಕಿ ಪಂಪ್ ರಾತ್ರಿಯೆಲ್ಲ ಎದ್ದು ಎದ್ದು ನಿಲ್ಲುತ್ತಿರುತ್ತದೆ, ಆಪರೇಟರ್ ಬೇಸತ್ತು ಆಫ್ ಮಾಡಿರುತ್ತಾನೆ. ಸೋರುವ ಜಾಗ ಹುಡುಕುವುದು ನಮ್ಮ ಕೆಲಸ, ಅವನನ್ನು ಗದರಿಸುವುದಲ್ಲ. ಡೀಸೆಲ್ ಪಂಪಿನ ಬ್ಯಾಟರಿಯನ್ನು ವಾರಕ್ಕೊಮ್ಮೆ ಎಂಜಿನ್ ಎಬ್ಬಿಸಿಯೇ ನೋಡಬೇಕು. ಹೋಸ್ ಪೆಟ್ಟಿಗೆಗಳಲ್ಲಿ ಜೋಡಣೆಯೊಳಗಿನ ರಬ್ಬರ್ ವಾಷರ್ ಇದೆಯೇ, ನಾಜಲ್ ಇದೆಯೇ ನೋಡಿ. ಹಿತ್ತಾಳೆಯ ನಾಜಲ್‌ಗೆ ಕಳ್ಳರ ಕಣ್ಣು.

ಕೊನೆಯದಾಗಿ ಅಣಕು ಕಸರತ್ತು. ಬಯಲಲ್ಲಿ ತಟ್ಟೆಗೆ ಡೀಸೆಲ್ ಸುರಿದು ಬೆಂಕಿ ಹಚ್ಚಿ ಆರಿಸಿ ತೋರಿಸುವುದರಿಂದ ಫೋಟೋ ಚೆನ್ನಾಗಿ ಬರುತ್ತದೆ, ಸಿಸ್ಟರಿಗೆ ಅದರಿಂದ ಕಲಿತದ್ದು ಕಡಿಮೆ. ರಾತ್ರಿ ಪಾಳಿಯಲ್ಲಿ, ಆ ಹೊತ್ತಿಗೆ ಇರುವಷ್ಟೇ ಜನರೊಂದಿಗೆ, ಒಂದು ವಾರ್ಡಿನಲ್ಲಿ ಮಾಡಬೇಕು. ರೋಗಿಯ ಬದಲು ಸಿಬ್ಬಂದಿಯಲ್ಲೊಬ್ಬರು ಮಲಗಬೇಕು. ಕಂಡವರು ಕೂಗಿ ಹೇಳುವುದು, ಅಲಾರಾಂ ಪೆಟ್ಟಿಗೆಯ ಗಾಜು ಒಡೆಯುವುದು, ಬೆಂಕಿಯ ಕೋಣೆಯ ರೋಗಿಯನ್ನು ಹೊರಗೆಳೆದು ಆ ಬಾಗಿಲು ಮುಚ್ಚುವುದು, ಇಷ್ಟರ ತನಕ ಸಮಯ ಹಿಡಿಯಬೇಕು. ಬೆಂಕಿಯ ಹತ್ತಿರ ಇರುವವರು ಮೊದಲು. ಆಮೇಲೆ ನಡೆಯಬಲ್ಲವರು ಒಟ್ಟಿಗೆ, ಒಬ್ಬ ಸಿಸ್ಟರ್ ಹಿಂದೆ, ನಂತರ ವೀಲ್‌ಚೇರಿನವರು, ಹಾಸಿಗೆ ಬಿಟ್ಟೇಳದವರು ಕೊನೆಗೆ, ಏಕೆಂದರೆ ಒಬ್ಬರಿಗೆ ಇಬ್ಬರು ಮೂವರು ಬೇಕು, ದಾರಿಯೂ ತೆರವಾಗಿರಬೇಕು. ಮಂಚ ಬಾಗಿಲಲ್ಲಿ ಹೋಗುವಂತಿದ್ದರೆ ಬ್ರೇಕ್ ಬಿಡಿಸಿ ಮಂಚ ಸಮೇತ. ಆಗದಿದ್ದರೆ ಹಾಸಿಗೆಯನ್ನು ನೆಲಕ್ಕಿಳಿಸಿ, ಕೆಳಗೆ ಮೊದಲೇ ಹಾಸಿಟ್ಟ ಪಟ್ಟಿಯ ಹಾಳೆಯಿಂದ ಬಿಗಿದು ಎಳೆಯಬೇಕು. ಮೆಟ್ಟಿಲಲ್ಲಿ ಕಾಲು ಮುಂದೆ, ತಲೆ ಮೇಲ್ಗಡೆ, ಒಬ್ಬರು ಮೇಲಿಂದ ಪಟ್ಟಿ ಹಿಡಿದು ತಡೆಯಬೇಕು. ಕೂಸುಗಳಿಗೆ ಜೇಬಿರುವ ಏಪ್ರನ್ ಇದ್ದರೆ ಒಬ್ಬ ಸಿಸ್ಟರ್ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಮೈಗೆ ತಾಗಿಸಿಕೊಂಡು ಒಯ್ಯಬಲ್ಲರು, ಮಗು ತಣ್ಣಗಾಗುವುದೂ ತಪ್ಪುತ್ತದೆ. ಕಾಲಿನ ಗುರುತುಪಟ್ಟಿ ಮೊದಲೇ ಗಟ್ಟಿಯಾಗಿರಬೇಕು.

ಕಸರತ್ತಿನಲ್ಲಿ ತಪ್ಪುವುದು ಹೆಚ್ಚಾಗಿ ಮೂರು ಕಡೆ. ಎಲ್ಲರೂ ಬೆಂಕಿಯ ಕಡೆ ಓಡುತ್ತಾರೆ, ದಾಟಿದ ಬಾಗಿಲನ್ನು ಯಾರೂ ಮುಚ್ಚುವುದಿಲ್ಲ. ಸ್ವೀಕರಿಸುವ ವಾರ್ಡಿನಲ್ಲಿ ಜಾಗ ಮಾಡಿರುವುದಿಲ್ಲ, ಮೂರನೇ ಮಂಚಕ್ಕೇ ಕಾರಿಡಾರ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಲಾರಾಂ ಕೇಳಿದ ಕೂಡಲೇ ಪಕ್ಕದ ವಾರ್ಡಿನವರು ಮಾಡಬೇಕಾದ ಮೊದಲ ಕೆಲಸ ಜಾಗ ತೆರವು. ಇನ್ನು ತಲೆ ಎಣಿಕೆ. ಶೌಚಾಲಯದಲ್ಲಿದ್ದವರು, ಸ್ಕ್ಯಾನಿಗೆ ಹೋದವರು ಲೆಕ್ಕ ತಪ್ಪಿಸುತ್ತಾರೆ. ಖಾಲಿ ಮಾಡಿ ನೋಡಿದ ಕೋಣೆಯ ಬಾಗಿಲಿಗೆ ಒಂದು ಗುರುತು ಹಾಕಿದರೆ ಇನ್ನೊಬ್ಬರು ಮತ್ತೆ ಒಳಗೆ ಹೋಗಿ ಹುಡುಕುವುದು ತಪ್ಪುತ್ತದೆ.

ಅಗ್ನಿಶಾಮಕ ವಾಹನ ಬಂದಾಗ ಮೊದಲು ಇಳಿಯುವ ಅಧಿಕಾರಿಗೆ ಬೇಕಾದ್ದು ಏನೆಂದು ಸರ್‌ಗೆ ಆ ಕಡೆ ನಿಂತು ಗೊತ್ತಿತ್ತು. ಏನು ಉರಿಯುತ್ತಿದೆ, ಎಲ್ಲಿ, ಒಳಗೆ ಇನ್ನೂ ಎಷ್ಟು ಜನ, ಆಮ್ಲಜನಕ ನಿಂತಿದೆಯೇ, ನೀರು ಎಲ್ಲಿ. ಗೇಟಿನಲ್ಲಿ ಒಬ್ಬರು ಟಾರ್ಚ್, ಕೀಲಿ ಗೊಂಚಲು ಮತ್ತು ಅಂತಸ್ತಿನ ನಕ್ಷೆ ಹಿಡಿದು ನಿಂತಿರಬೇಕು. ನಕ್ಷೆಯಲ್ಲಿ ವಾಲ್ವ್ ಪೆಟ್ಟಿಗೆ, ಎಂಆರ್‌ಐ, ವಿಕಿರಣ ಇರುವ ಕೋಣೆ, ಬ್ಯಾಟರಿ ಕೋಣೆ ಗುರುತಾಗಿರಬೇಕು. ಆ ನಕ್ಷೆ ಕಂಪ್ಯೂಟರಿನಲ್ಲಿದ್ದರೆ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಹೊದಿಸಿ ಸೆಕ್ಯುರಿಟಿ ಕೋಣೆಯಲ್ಲಿ ಮೊಳೆಗೆ ನೇತುಹಾಕಿರಬೇಕು.

ರಿಜಿಸ್ಟರಿನಲ್ಲಿ ಸರ್ ನಾಲ್ಕು ಕಾಲಂ ಇಟ್ಟಿದ್ದರು: ಕಂಡದ್ದು, ಯಾಕೆ ಹಾಗಿತ್ತು, ಮಾಡಿದ್ದು, ಮತ್ತೆ ನೋಡಿದ ದಿನ. ಎರಡನೆಯದು ಖಾಲಿ ಇದ್ದರೆ ಆ ಸಾಲಿಗೆ ಅವರ ಸಹಿ ಬೀಳುತ್ತಿರಲಿಲ್ಲ. ನಾಲ್ಕನೆಯದನ್ನು ಫೋನಿನಲ್ಲಿ ಕೇಳಿ ತುಂಬಿಸುವಂತಿಲ್ಲ, ಹೋಗಿ ಕಣ್ಣಾರೆ ನೋಡಿಯೇ ತುಂಬಬೇಕು. ಅದೇ ರಿಜಿಸ್ಟರ್ ಇಂದಿಗೂ ನಡೆಯುತ್ತಿದೆ. ನೀವು ಹೊಸದಾಗಿ ಶುರು ಮಾಡುವುದಾದರೆ ಮೊದಲ ತಿಂಗಳು ಬಾಗಿಲುಗಳನ್ನು ಮಾತ್ರ ಬರೆಯಿರಿ, ಒಂದೊಂದಕ್ಕೂ ಚೌಕಟ್ಟಿನ ಮೇಲೆ ಸಂಖ್ಯೆ ಕೊಟ್ಟು. ಸಂಖ್ಯೆ ಇಲ್ಲದ ಬಾಗಿಲಿನ ದೂರು ಕಾರ್ಪೆಂಟರ್ ತನಕ ತಲುಪುವುದಿಲ್ಲ.